ಅಗಾಧದ ಎದುರು: ದೃಶ್ಯಕಾದಂಬರಿ, ವಿಶ್ವರೂಪ ಮತ್ತು ‘ಕರ್ವಾಲೊ’

ಬರಹ, ಚಿತ್ರ, ಧ್ವನಿಗಳನ್ನು ಪರದೆಯ ಮೇಲೆ ಒಟ್ಟುಗೂಡಿಸಿ ಕಥೆ ಹೇಳುವ ‘ವಿಶುವಲ್ ನಾವೆಲ್’ ಎಂಬ ಪ್ರಕಾರ ಜಪಾನಿನಲ್ಲಿ ಬೆಳೆದದ್ದು. ದೃಶ್ಯಕಾದಂಬರಿ ಎಂದು ಕರೆಯೋಣ. ನಮ್ಮ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಇದರ ‘ಕಾಸ್ಮಿಕ್ ಹಾರರ್’ ಎಂಬ ಬಗೆಯ ಮೇಲೆ ಒಲವಿದೆ. ಇದನ್ನು ಸಾಹಿತ್ಯವೆಂದು ವಿಮರ್ಶಿಸಬಹುದೇ ಎಂಬುದು ಅವರ ಪ್ರಶ್ನೆ. ವಿಮರ್ಶಿಸಬಹುದು, ಆದರೆ ಅಳತೆಗೋಲು ಯಾವುದೆಂದು ಮೊದಲು ನಿಶ್ಚಯಿಸಿಕೊಳ್ಳಬೇಕು.

ಈ ವಿಶ್ವಭೀತಿ ದೆವ್ವದ ಕಥೆಯ ಭೀತಿಯಲ್ಲ. ದೆವ್ವಕ್ಕೆ ನಮ್ಮ ಮೇಲೆ ಸೇಡಿರುತ್ತದೆ, ಅಂದರೆ ನಾವು ಅದಕ್ಕೆ ಮುಖ್ಯರು. ಅಮೆರಿಕದ ಎಚ್. ಪಿ. ಲವ್‌ಕ್ರಾಫ್ಟ್ (1890–1937) ರೂಢಿಗೆ ತಂದ ಬಗೆಯಲ್ಲಿ ಆ ಗೌರವವೂ ನಮಗಿಲ್ಲ. 1928ರಲ್ಲಿ ಪ್ರಕಟವಾದ ‘ದಿ ಕಾಲ್ ಆಫ್ ಕ್ತುಲ್ಹು’ ಕಥೆಯಲ್ಲಿ ಕಡಲಿನ ಆಳದಲ್ಲಿ ಮಲಗಿರುವ ಅಗಾಧ ಜೀವಿಯ ಲೆಕ್ಕದಲ್ಲಿ ಮನುಷ್ಯಕುಲ ಇಲ್ಲವೇ ಇಲ್ಲ. ಭಯ ಹುಟ್ಟುವುದು ಆ ಉಪೇಕ್ಷೆಯಿಂದ.

ದೃಶ್ಯಕಾದಂಬರಿಯ ಶಕ್ತಿ ಇರುವುದು ಓದುಗನ ಬೆರಳಿನಲ್ಲಿ. ಮುಂದಿನ ವಾಕ್ಯ ಬರಬೇಕಾದರೆ ಅವನೇ ಒತ್ತಬೇಕು; ಯಾವ ದಾರಿಯೆಂದು ಅವನೇ ಆರಿಸಬೇಕು. ಎಲ್ಲ ದಾರಿಗಳೂ ಒಂದೇ ಪ್ರಪಾತಕ್ಕೆ ಒಯ್ಯುವುದಾದರೆ ಆಯ್ಕೆಯೆಂಬುದೇ ಅಣಕವಾಗುತ್ತದೆ. ಅಚ್ಚಿನ ಪುಸ್ತಕಕ್ಕೆ ಇದು ಸುಲಭಸಾಧ್ಯವಲ್ಲ. ದೌರ್ಬಲ್ಯವೂ ಅದೇ ಬೆರಳಿನಲ್ಲಿದೆ. ಓದನ್ನು ಅಲ್ಲಲ್ಲಿ ಉಳಿಸಿಟ್ಟು, ಕೆಟ್ಟದ್ದು ಸಂಭವಿಸಿದರೆ ಹಿಂದಿರುಗುವ ಸೌಕರ್ಯ ಇರುವಲ್ಲಿ ಅನಿವಾರ್ಯತೆ ಸಡಿಲಗೊಳ್ಳುತ್ತದೆ. ಅದಕ್ಕಿಂತ ದೊಡ್ಡ ತೊಡಕು ಚಿತ್ರದ್ದು. ವರ್ಣನಾತೀತ ಎಂದು ಬರಹ ಹೇಳುತ್ತಿರುವಾಗಲೇ ಚಿತ್ರ ಅದನ್ನು ಬಿಡಿಸಿ ತೋರಿಸಿದರೆ ಎರಡರಲ್ಲಿ ಒಂದು ಸುಳ್ಳಾಗಲೇಬೇಕು. ಮರಾಠಿಯ ನಾರಾಯಣ ಧಾರಪರ ಭಯಕಥೆಗಳನ್ನು ಶಾಲಾದಿನಗಳಲ್ಲೇ ಓದಿದ್ದ ನನಗೆ, ಅವರ ಕಥೆಯ ಪ್ರೇರಣೆಯಿಂದ 2018ರಲ್ಲಿ ಬಂದ ‘ತುಂಬಾಡ್’ ಚಿತ್ರದಲ್ಲೂ ಇದೇ ಅನಿಸಿತು: ಹಸ್ತರ್ ಕಾಣಿಸುವ ಮುನ್ನ ಆ ಪಾಳುವಾಡೆಯ ಮಳೆಯೇ ಹೆಚ್ಚು ಭಯಂಕರ.

ಈ ತೊಡಕು ನಮ್ಮ ನೆಲಕ್ಕೆ ಹೊಸದಲ್ಲ. ಮಹಾಭಾರತದ ಉದ್ಯೋಗಪರ್ವದಲ್ಲಿ ಕೃಷ್ಣ ಕೌರವಸಭೆಯಲ್ಲಿ ವಿಶ್ವರೂಪ ತೋರಿದಾಗ ನೆರೆದ ಅರಸರು ಭಯದಿಂದ ಕಣ್ಣು ಮುಚ್ಚಿಕೊಳ್ಳುತ್ತಾರೆ. ಭೀಷ್ಮ, ದ್ರೋಣ, ವಿದುರರಂಥ ಕೆಲವರಷ್ಟೇ ನೋಡಬಲ್ಲವರು. ಇದನ್ನು ರಂಗದ ಮೇಲೆ ತೋರಿಸುವುದು ಹೇಗೆ? ಬಣ್ಣ, ಕಿರೀಟ, ದೀಪಗಳಿಗೆ ಒಂದು ಮಿತಿಯಿದೆ. ‘ಕೃಷ್ಣ ಸಂಧಾನ’ದ ತಾಳಮದ್ದಳೆಯಲ್ಲಾದರೋ ವೇಷವೇ ಇಲ್ಲ. ಬಿಳಿ ಪಂಚೆಯುಟ್ಟು ಕುಳಿತ ಅರ್ಥಧಾರಿಯ ಮಾತಿನಿಂದಲೇ ಸಭೆ ಕಂಪಿಸಬೇಕು. ಪಾರ್ತಿಸುಬ್ಬನ ಕುಂಬಳೆಯ ಮಗ್ಗುಲಲ್ಲಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೂ ವಿಶ್ವರೂಪವನ್ನು ವಿಶ್ವಭೀತಿಯೆಂದು ಕರೆಯಲು ನಾನು ಒಪ್ಪಲಾರೆ. ಗೀತೆಯ 11ನೆಯ ಅಧ್ಯಾಯದಲ್ಲಿ ನಡುಗಿದ ಅರ್ಜುನ ಹಿಂದಿನ ಸೌಮ್ಯರೂಪವನ್ನೇ ತೋರೆಂದು ಬೇಡುತ್ತಾನೆ, ಕೃಷ್ಣ ತೋರುತ್ತಾನೆ. ಅಗಾಧಕ್ಕೆ ಕಿವಿಯಿದೆ, ಅದು ಸಖನೂ ಹೌದು. ಲವ್‌ಕ್ರಾಫ್ಟ್‌ನ ಲೋಕದಲ್ಲಿ ಬೇಡಿಕೊಳ್ಳಲು ಯಾರೂ ಇಲ್ಲ.

ಕನ್ನಡದಲ್ಲಿ ಕಿವಿಯಿಲ್ಲದ ಅಗಾಧವನ್ನು ಎದುರಿಸಿದ ಕೃತಿ ಯಾವುದೆಂದರೆ, ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಎನ್ನುತ್ತೇನೆ. ಅದನ್ನು ಭಯದ ಕಾದಂಬರಿಯೆಂದು ಯಾರೂ ಓದಿಲ್ಲ, ಓದಬೇಕಾಗಿಯೂ ಇಲ್ಲ. ಆದರೆ ವಿಜ್ಞಾನಿ ಕರ್ವಾಲೊ, ಜೇನು ಹಿಡಿಯುವ ಮಂದಣ್ಣ, ಕ್ಯಾಮರಾ ಹೊತ್ತ ಪ್ರಭಾಕರ ಮೊದಲಾದವರ ತಂಡ ಕಾಡು ಅಲೆದು ಕಂಡ ಹಾರುವ ಓತಿ ಕೊನೆಗೆ ಪ್ರಪಾತದತ್ತ ತೇಲಿ ಕಣ್ಮರೆಯಾಗುವ ಗಳಿಗೆಯಲ್ಲಿ, ಕೋಟ್ಯಂತರ ವರ್ಷಗಳ ಕಾಲ ಅವರೆದುರು ಬಾಯ್ತೆರೆಯುತ್ತದೆ. ಓತಿಗೆ ಇವರ ಪರಿವೆಯಿಲ್ಲ. ಕ್ಯಾಮರಾ ಇದ್ದೂ ಅದು ಕೈಗೆ ಸಿಗುವುದಿಲ್ಲ. ತೋರಿಸಬಾರದ್ದನ್ನು ತೋರಿಸದೆ ಬಿಡುವ ಸಂಯಮ ಅಲ್ಲಿದೆ. ಅಷ್ಟುದ್ದಕ್ಕೂ ಹರಿದು ಬಂದ ತಮಾಷೆ, ಜಗಳ, ನಾಯಿ ಕಿವಿಯ ಓಡಾಟಗಳೇ ಆ ಮೌನಕ್ಕೆ ತೂಕ ಕೊಡುತ್ತವೆ. ಭರತ ಭಯಾನಕಕ್ಕೆ ಭಯವನ್ನೂ ಅದ್ಭುತಕ್ಕೆ ವಿಸ್ಮಯವನ್ನೂ ಸ್ಥಾಯಿಯಾಗಿ ಹೇಳಿದ್ದಾನಷ್ಟೆ. ಲವ್‌ಕ್ರಾಫ್ಟ್ ಮೊದಲನೆಯದಕ್ಕೆ ತಿರುಗಿದ ಕವಲಿನಲ್ಲಿ ತೇಜಸ್ವಿ ಎರಡನೆಯದಕ್ಕೆ ಹೊರಳಿದರು.

ಕೊರತೆಗಳೂ ಇವೆ. ಕರ್ವಾಲೊ ವಿಕಾಸವಾದವನ್ನು ವಿವರಿಸುವ ಭಾಗಗಳು ಕೆಲವೆಡೆ ಪಾಠದಂತಾಗಿ, ಕಾಣುವ ಮೊದಲೇ ಅರ್ಥವನ್ನು ಕೈಗಿಡುತ್ತವೆ. ಮಂದಣ್ಣನ ಹೆಂಡತಿ ರಾಮಿ ಕಥೆಯ ಅಂಚಿನಲ್ಲೇ ಉಳಿಯುತ್ತಾಳೆ. ಓತಿಯ ಸುತ್ತ ಕಾದಂಬರಿ ಕಟ್ಟುವ ಅಪೂರ್ವತೆಯೂ ವಾಸ್ತವಕ್ಕಿಂತ ಹೆಚ್ಚಿನದು. ಪಶ್ಚಿಮಘಟ್ಟದ ಹಾರುವ ಓತಿಯನ್ನು ವಿಜ್ಞಾನ 1837ರಲ್ಲೇ ಡ್ರಾಕೊ ದುಸ್ಸುಮೀರಿ ಎಂದು ಹೆಸರಿಸಿದೆ. ನೀಳವಾದ ಪಕ್ಕೆಲುಬುಗಳ ಮೇಲೆ ಚರ್ಮವನ್ನು ಕೊಡೆಯಂತೆ ಬಿಚ್ಚಿ ಅದು ಮರದಿಂದ ಮರಕ್ಕೆ ತೇಲುತ್ತದೆ. ಗಂಡಿನ ಗಂಟಲಲ್ಲಿ ಹಳದಿ ಚೀಲವೊಂದು ಬಿಚ್ಚಿ ಮುಚ್ಚುತ್ತದೆ. ಘಟ್ಟದ ಕಾಡಿನಲ್ಲಿ ಮಾತ್ರವಲ್ಲ, ಅಡಕೆ ತೋಟಗಳಲ್ಲೂ ಅದರ ವಾಸ. ಕಾಂಡದ ಬಣ್ಣವೇ ಅದರ ಬಣ್ಣವಾದ್ದರಿಂದ ಕಾಣಿಸುವುದು ಅದು ಹಾರಿದಾಗಲೇ. ಈ ವಿಷಯದಲ್ಲಿ ಪ್ರಬಂಧ ಬರೆಯಲಿರುವವರು ‘ಕರ್ವಾಲೊ’ದ ಕೊನೆಯ ಅಧ್ಯಾಯವನ್ನು ಓದಿ, ಒಂದು ಬಿಸಿಲಿನ ಬೆಳಗ್ಗೆ ತೋಟದಲ್ಲಿ ಸುಮ್ಮನೆ ನಿಂತು, ಬಳಿಕ ತಮ್ಮ ದೃಶ್ಯಕಾದಂಬರಿಯನ್ನು ತೆರೆಯಲಿ.