ಪಾವು ರಸ ಕುಡಿಯುವ ಹೊತ್ತು

ಸಂಜೆ ಐದೂವರೆಗೆ ಕಾರವಾರದ ಕೋಡಿಬಾಗದ ಓಣಿಯಲ್ಲಿ ರಬ್ಬರ್ ಹಾರ್ನ್ ಕೂಗಿತು. ಪೊಂಯ್, ಪೊಂಯ್. ಚಿಕ್ಕಮ್ಮ ಕೈಯಲ್ಲಿದ್ದ ಸಟ್ಟುಗವನ್ನು ನನ್ನ ಕೈಗಿಟ್ಟು, "ತಳ ಹಿಡಿಯದ ಹಾಗೆ ನೋಡ್ತಿರು" ಎನ್ನುತ್ತ ಅಂಗಳಕ್ಕಿಳಿದಳು. ಸೈಕಲ್ಲಿನ ಹಿಂದೆ ದೊಡ್ಡ ಬುಟ್ಟಿ, ಅದರ ಮೇಲೆ ನೀಲಿ ಪ್ಲಾಸ್ಟಿಕ್ ಹಾಳೆ. ಹಾಳೆ ಸರಿದದ್ದೇ ತಡ, ಬೆಂದ ಹಿಟ್ಟಿನ ಬೆಚ್ಚನೆಯ ವಾಸನೆ ಅಡುಗೆಮನೆಯೊಳಗೇ ಬಂತು. ಒಂದಕ್ಕೊಂದು ಅಂಟಿಕೊಂಡ ಪಾವಿನ ಸಾಲುಗಳನ್ನು ಚಿಕ್ಕಮ್ಮ ಬೆರಳಿನಿಂದ ಒತ್ತಿ ನೋಡಿ, ಒತ್ತಿದ ಜಾಗ ಮೇಲೆದ್ದು ಬಂದ ಎರಡು ಸಾಲನ್ನು ಸೆರಗಿನಲ್ಲಿ ಹಿಡಿದು ತಂದಳು.

ಒಲೆಯ ಮೇಲಿದ್ದದ್ದು ಖೀಮಾ. ಅರ್ಧ ಕಿಲೋ ಕುರಿ ಮಾಂಸ. ಬೆಳಿಗ್ಗೆ ಅಂಗಡಿಯಲ್ಲಿ ಚಿಕ್ಕಮ್ಮನದು ಒಂದೇ ಹಟ: ಯಂತ್ರಕ್ಕೆ ಹಾಕಬೇಡ, ಕತ್ತಿಯಲ್ಲಿ ಕೊಚ್ಚಿ ಕೊಡು. ಮರದ ಕೊರಡಿನ ಮೇಲೆ ಎರಡು ಕತ್ತಿಗಳು ಟಕಟಕ ಬೀಳುವುದನ್ನು ಹತ್ತು ನಿಮಿಷ ನಿಂತು ನೋಡಿದೆವು. ಯಂತ್ರದಿಂದ ಬಂದ ಖೀಮಾ ಹಿಟ್ಟಿನ ಹಾಗೆ ಮೆತ್ತಗಾಗಿ ಬಾಣಲೆಯಲ್ಲಿ ಗಂಟು ಕಟ್ಟುತ್ತದೆ. ಕೈಯಲ್ಲಿ ಕೊಚ್ಚಿದ್ದರಲ್ಲಿ ಒಂದು ಚೂರು ಸಾಸಿವೆಯಷ್ಟು, ಇನ್ನೊಂದು ಕಡಲೆಯಷ್ಟು. ಬಾಯಿಗೆ ಬಂದಾಗ ಆ ಏರುಪೇರೇ ರುಚಿ. ಈ ಮಾತಿನಲ್ಲಿ ನಾನು ಪೂರ್ತಿಯಾಗಿ ಚಿಕ್ಕಮ್ಮನ ಪಕ್ಷ.

ಎಣ್ಣೆಗೆ ಒಂದು ಚೂರು ದಾಲ್ಚಿನ್ನಿ, ನಾಲ್ಕು ಲವಂಗ. ಅವು ಉಬ್ಬುತ್ತಿದ್ದ ಹಾಗೆ ಸಣ್ಣಗೆ ಹೆಚ್ಚಿದ ಈರುಳ್ಳಿ. ಅದು ಕುಮಟಾದ ಸಿಹಿ ಈರುಳ್ಳಿ. ಬೇಸಿಗೆಯಲ್ಲಿ ಹೆದ್ದಾರಿ 66ರ ಬದಿಗೆ, ಅಳ್ವೆಕೋಡಿ, ಹಂದಿಗೋಣದ ಹತ್ತಿರ, ದಂಟು ಸಮೇತ ಹೆಣೆದ ಗೊಂಚಲುಗಳನ್ನು ಸಾಲಾಗಿ ತೂಗುಹಾಕಿರುತ್ತಾರಲ್ಲ, ಅದೇ. ಕಾರವಾರದಿಂದ ಅಂಕೋಲೆ ದಾಟಿ ಆ ಕಡೆ ಹೋದವರು ಯಾರೂ ಬರಿಗೈಯಲ್ಲಿ ಮರಳುವುದಿಲ್ಲ. ಮಳೆ ಬರುವ ಮೊದಲೇ ತಂದು ಅಟ್ಟದ ಬಿದಿರಿಗೆ ಕಟ್ಟಿಟ್ಟರೆ ತಿಂಗಳುಗಟ್ಟಲೆ ಅಡುಗೆಗಾಯಿತು. ಇದನ್ನು ಚಿಕ್ಕಮ್ಮ ಅವಸರದಲ್ಲಿ ಹುರಿಯುವುದಿಲ್ಲ. ಉರಿ ತಗ್ಗಿಸಿ ಅದು ಕೆಂಪಗಾಗುವ ತನಕ, ಸುಮಾರು ಇಪ್ಪತ್ತು ನಿಮಿಷ, ಕೈಯಾಡಿಸುತ್ತಲೇ ಇರುತ್ತಾಳೆ.

ಆಮೇಲೆ ಶುಂಠಿ, ಬೆಳ್ಳುಳ್ಳಿ, ಹಸಿಮೆಣಸು, ಖೀಮಾ. ಬಿಸಿ ತಗುಲಿದೊಡನೆ ಮಾಂಸದ ಎಳೆಗಳು ಕುಗ್ಗಿ ಒಳಗಿನ ನೀರನ್ನೆಲ್ಲ ಬಿಟ್ಟುಕೊಡುತ್ತವೆ. ಬಾಣಲೆ ಒಮ್ಮೆಲೇ ಬೂದು ಬಣ್ಣದ ಕೆರೆ. ಹೊಸದಾಗಿ ಮಾಡುವವರು ತಪ್ಪುವುದು ಇಲ್ಲಿ. ನೀರು ಕಂಡಿತೆಂದು ಟೊಮೆಟೊ, ಮಸಾಲೆ ಸುರಿದುಬಿಟ್ಟರೆ ಮಾಂಸ ಬೇಯುತ್ತದೆ, ಹುರಿಯುವುದಿಲ್ಲ. ನೀರಿರುವ ತನಕ ಬಾಣಲೆಯ ಬಿಸಿ ಕುದಿನೀರಿನ ಬಿಸಿಯನ್ನು ದಾಟದು. ನೀರು ಆರಿದ ಮೇಲೆಯೇ ಮಾಂಸ ಕೆಂಪಗಾಗಲು ಶುರು. ಕೊತಕೊತ ಸದ್ದು ಚಿರಚಿರ ಸದ್ದಾಗಿ ಬದಲಾಗುವುದನ್ನು ಕಿವಿಯಿಂದಲೇ ಹಿಡಿಯಬೇಕು. ಚಿಕ್ಕಮ್ಮ ಪಕ್ಕದ ಕೋಣೆಯಲ್ಲಿದ್ದರೂ ಅದನ್ನು ಹಿಡಿಯುತ್ತಾಳೆ. "ಈಗ ಹಾಕು" ಎಂದು ಅಲ್ಲಿಂದಲೇ ಕೂಗುತ್ತಾಳೆ. ಆಗ ಅರಿಶಿನ, ಬ್ಯಾಡಗಿ ಮೆಣಸಿನ ಪುಡಿ, ಕೊತ್ತಂಬರಿ ಪುಡಿ, ಎರಡು ಟೊಮೆಟೊ, ಒಂದು ಲೋಟ ಬಿಸಿನೀರು. ಮುಚ್ಚಳ.

ಈ ಅಡುಗೆ ಮನೆಗೆ ಬಂದದ್ದು ಚಿಕ್ಕಪ್ಪನಿಂದ. ಮದುವೆಗೆ ಮುಂಚೆ ಅವನು ಮುಂಬಯಿಯಲ್ಲಿ ಇರಾನಿ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ. ಉತ್ತರ ಕನ್ನಡ 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿ, 1956ರ ತನಕ ಆ ಆಡಳಿತದಲ್ಲೇ ಇತ್ತು. ಹಾಗಾಗಿ ಕೆಲಸ ಬೇಕೆಂದರೆ ಇಲ್ಲಿಯ ಹುಡುಗರು ಬೆಂಗಳೂರಿನ ಕಡೆಗಲ್ಲ, ಮುಂಬಯಿಯ ಕಡೆಗೆ ಹೊರಡುವುದು ರೂಢಿಯಾಗಿತ್ತು. ಅಲ್ಲಿ ಬೆಳಗಿನ ಚಹಾದ ಜೊತೆಗೆ ಖೀಮಾ ಪಾವ್, ಅದರ ಮೇಲೆ ಮೊಟ್ಟೆ ಒಡೆದು ಕಲಸಿದರೆ ಖೀಮಾ ಘೋಟಾಲಾ. ಪಾವು ಮಾತ್ರ ಚಿಕ್ಕಪ್ಪನಿಗೆ ಹೊಸದಲ್ಲ. ಅದು ಕಾಳಿ ನದಿಯಾಚೆಯ ಗೋವೆಯ ಬಳಕೆಯಿಂದ ಮೊದಲೇ ಕಾರವಾರದ ಬಾಯಿಗೆ ಹತ್ತಿದ ತಿನಿಸು. ಪೋರ್ಚುಗೀಸರು 1510ರಲ್ಲಿ ಗೋವೆ ಹಿಡಿದ ಮೇಲೆ ತಮ್ಮ ರೊಟ್ಟಿ ಬೇಕೆಂದಾಗ ಹಿಟ್ಟು ಹುದುಗಿಸಲು ಒದಗಿದ್ದು ತೆಂಗಿನ ಕಳ್ಳು. ಪಾವ್ ಎಂಬ ಹೆಸರೂ ಅವರದೇ. ಖೀಮಾ ಎಂಬುದರ ಮೂಲ ತುರ್ಕಿ ಭಾಷೆ, ಕೊಚ್ಚಿದ್ದು ಎಂಬ ಅರ್ಥ. ಮೆಣಸು, ಟೊಮೆಟೊ ಎರಡೂ ಅಮೆರಿಕ ಖಂಡದಿಂದ ಹಡಗು ಹತ್ತಿ ಬಂದವು. ಇಷ್ಟು ದೂರದಿಂದ ಬಂದವೆಲ್ಲ ಕೋಡಿಬಾಗದ ಒಂದು ಬಾಣಲೆಯಲ್ಲಿ ಕೂಡಿವೆ ಎಂದು ನೆನೆದಾಗ ನನಗೆ ಪ್ರತಿಸಲವೂ ಸಂತೋಷವಾಗುತ್ತದೆ.

ಮುಚ್ಚಳದ ಕೆಳಗೆ ಖೀಮಾ ಬೇಯುತ್ತಿರುವಾಗ ಫೋನ್ ಬಂತು. ಓಹಿಯೋದಲ್ಲಿರುವ ತಂಗಿ, ಚಿಕ್ಕಮ್ಮನ ಮಗಳು. ಅವಳಿಗೆ ಬೆಳಿಗ್ಗೆ, ನಮಗೆ ಸಂಜೆ. ಮಗ ಶಾಲೆಯಲ್ಲಿ ತಿಂದು ಬಂದು ಮನೆಯಲ್ಲೂ ಬೇಕೆಂದು ಹಟ ಹಿಡಿದಿದ್ದು 'ಸ್ಲಾಪಿ ಜೋ'. ಕೊಚ್ಚಿದ ಮಾಂಸವನ್ನು ಟೊಮೆಟೊ ಕೆಚಪ್, ಕಂದು ಸಕ್ಕರೆ, ಸಾಸಿವೆ ಸಾಸ್ ಹಾಕಿ ಬೇಯಿಸಿ, ದುಂಡು ಬನ್ನಿನ ನಡುವೆ ಸುರಿದು ಕೊಡುವ ತಿನಿಸು. ಅಯೋವಾದ ಸಿಯೂ ಸಿಟಿಯಲ್ಲಿ 1930ರ ಸುಮಾರಿಗೆ ಜೋ ಎಂಬ ಅಡುಗೆಯವ ಮೊದಲು ಮಾಡಿದ ಎಂದು ಅಲ್ಲೊಂದು ಕತೆ. ಹವಾನಾ ಮತ್ತು ಕೀ ವೆಸ್ಟ್‌ನಲ್ಲಿ ಅದೇ ಹೆಸರಿನ ಬಾರುಗಳಿದ್ದವೆಂದು ಅಲ್ಲಿಯವರದೂ ಒಂದು ವಾದ. 1969ರಲ್ಲಿ ಹಂಟ್ಸ್ ಕಂಪನಿ ಇದರ ಸಾಸನ್ನು 'ಮ್ಯಾನ್‌ವಿಚ್' ಎಂದು ಡಬ್ಬಿಯಲ್ಲಿ ತುಂಬಿ ಮಾರತೊಡಗಿತು. ತಂಗಿ ಮೊದಲು ಡಬ್ಬಿಯದನ್ನೇ ತಂದಳಂತೆ. "ಅಮ್ಮಾ, ಇದು ನಮ್ಮ ಖೀಮಾ ಪಾವೇ. ಆದ್ರೆ ತುಂಬಾ ಸಿಹಿ. ಹೇಗೆ ಸರಿ ಮಾಡೋದು?"

"ಸಕ್ಕರೆ ಬಿಡು. ಈರುಳ್ಳಿ ಎರಡರಷ್ಟು ಹಾಕು, ಸಣ್ಣ ಉರಿಯಲ್ಲಿ ಕೆಂಪು ಮಾಡು. ಸಿಹಿ ತಾನೇ ಬರ್ತದೆ" ಎಂದಳು ಚಿಕ್ಕಮ್ಮ. ಆಮೇಲೆ ಮುಚ್ಚಳ ತೆಗೆದು ಫೋನನ್ನು ಬಾಣಲೆಯ ಮೇಲೆ ಹಿಡಿದು ಸಟ್ಟುಗದಿಂದ ನಡುವೆ ಒಂದು ಗೆರೆ ಎಳೆದಳು. ತಳ ಕಂಡಿತು. ಕೆಂಪು ರಸ ಎರಡೂ ಕಡೆಯಿಂದ ನಿಧಾನವಾಗಿ ಹರಿದು ಬಂದು ಗೆರೆಯನ್ನು ಮುಚ್ಚಿತು. "ಇಷ್ಟೇ ನೀರು ಇರ್ಬೇಕು ನೋಡು." ಗೆರೆ ತಟ್ಟನೆ ಮುಚ್ಚಿದರೆ ಅದು ಸಾರು, ಪಾವು ಕರಗಿ ಕೈಯಲ್ಲಿ ಮುದ್ದೆಯಾಗುತ್ತದೆ. ಮುಚ್ಚದೇ ಹೋದರೆ ಪಲ್ಯ, ಬಾಯಿ ತೆರೆದೊಡನೆ ಉದುರುತ್ತದೆ.

ಪಾವನ್ನು ಚಿಕ್ಕಮ್ಮ ಬೆಣ್ಣೆಯಲ್ಲಿ ಅದ್ದುವುದಿಲ್ಲ. ಒಂದು ಬದಿಯ ಅಂಚು ಉಳಿಯುವಂತೆ ಸೀಳಿ, ಒಳಮೈಯನ್ನು ಮಾತ್ರ ಕಾದ ಕಾವಲಿಗೆ ಅರ್ಧ ನಿಮಿಷ ತಾಗಿಸುತ್ತಾಳೆ. ಹಾಗೆ ಕಂದಿದ ತೆಳು ಪದರ ರಸವನ್ನು ಒಮ್ಮೆಗೇ ಒಳಗೆ ಬಿಡುವುದಿಲ್ಲ, ತಡೆದು ತಡೆದು ಬಿಡುತ್ತದೆ. ಎರಡು ಸೌಟು ಖೀಮಾ, ಹಸಿ ಈರುಳ್ಳಿ, ಲಿಂಬೆ ಹನಿ. ಮುಚ್ಚಿ, ಅಂಗೈಯಿಂದ ಮೆಲ್ಲಗೆ ಒತ್ತಿ, ಒಂದು ನಿಮಿಷ ಬಿಡಬೇಕು. ಕೂಡಲೇ ತಿಂದರೆ ಪಾವು ಬೇರೆ, ಖೀಮಾ ಬೇರೆ. ಐದು ನಿಮಿಷ ಬಿಟ್ಟರೆ ಅಡಿ ಹರಿಯುತ್ತದೆ. ನಡುವಿನ ಆ ಒಂದು ನಿಮಿಷದಲ್ಲಿ ಬಿಳಿ ಅಂಚಿಗೆ ಕೆಂಪು ಏರಿಬರುತ್ತದೆ, ಮೊದಲ ಮಳೆಗೆ ಮಣ್ಣಿನ ಗೋಡೆ ನೆನೆದ ಹಾಗೆ. ಹಿತ್ತಿಲ ಮೆಟ್ಟಿಲ ಮೇಲೆ ಕೂತು, ಮೊಣಕೈ ಮುಂದೆ ಚಾಚಿ ತಿಂದೆವು. ರಸ ಮುಂಗೈಗಿಳಿಯಿತು. ಇಳಿಯಬೇಕಾದದ್ದೇ.

ಮರುದಿನ ಅಂಕೋಲೆಗೆ, ಅವ್ವನ ಮನೆಗೆ ಹೊರಟೆ. ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಚೀಲದಲ್ಲಿ ಉಳಿದ ಆರು ಪಾವು. ಅವು ಅಷ್ಟರಲ್ಲಿ ಒಣಗಿದ್ದವು. ಅವ್ವನಿಗೆ ಬೇಕಾದದ್ದೂ ಒಣಗಿದ್ದೇ. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ ದಿನಗಳಿಗೆಂದು ಪ್ರತಿ ಮನೆಯ ಡಬ್ಬಿಯಲ್ಲೂ ಒಣ ಶೆಟ್ಲಿ, ಎಂದರೆ ಒಣಗಿಸಿದ ಸಿಗಡಿ, ಇರುತ್ತದೆ. ಅವ್ವ ಅದನ್ನು ಬರಿ ಕಾವಲಿಯಲ್ಲಿ ಗರಿಗರಿ ಹುರಿದು, ಅಂಗೈಯಲ್ಲಿ ಉಜ್ಜಿ ತಲೆ, ಬಾಲ ಉದುರಿಸಿ, ಗೆರಸೆಯಲ್ಲಿ ಕೇರಿದಳು. ಈರುಳ್ಳಿ ಇಲ್ಲಿಯೂ ಅದೇ ಕುಮಟಾದ್ದು. ಟೊಮೆಟೊದ ಬದಲು ನಾಲ್ಕು ಮುರುಗಲ ಸಿಪ್ಪೆ, ಒಂದು ಹಿಡಿ ಕಾಯಿತುರಿ, ಮೆಣಸಿನ ಪುಡಿ, ಶೆಟ್ಲಿ ನೆನೆಯುವಷ್ಟು ನೀರು. ನೀರಿಗೆ ಬಿದ್ದ ಶೆಟ್ಲಿ ತುಸು ಉಬ್ಬಿತು. ಮುರುಗಲು ಬಿಟ್ಟ ಕಡುಗೆಂಪು ರಸವನ್ನು ನಿನ್ನೆಯ ಪಾವು ತಾಜಾ ಪಾವಿಗಿಂತ ಚೆನ್ನಾಗಿ ಹೀರಿತು. ಒಣಗಿದ ಒಳಮೈಯಲ್ಲಿ ಜಾಗ ಹೆಚ್ಚಿತ್ತಲ್ಲ.

ಹೊರಗೆ ಸೋನೆ. ಅವ್ವ ಎರಡನೆಯ ಪಾವಿಗೆ ಕೈ ಹಾಕುತ್ತ ಕೇಳಿದಳು, "ಮಗೂಗೆ ಅಲ್ಲಿ ಹುಳಿಗೆ ಏನು ಹಾಕ್ತಾಳೆ ಅವಳು?" ಕೆಚಪ್ ಎಂದೆ. ಅವ್ವ ಎದ್ದು, ಕೈ ತೊಳೆದು, ಅಟ್ಟದ ಭರಣಿ ಇಳಿಸಿದಳು. ಹೋದ ಬೇಸಿಗೆಯಲ್ಲಿ ಉಪ್ಪು ಹಚ್ಚಿ ಒಣಗಿಸಿದ ಮುರುಗಲ ಸಿಪ್ಪೆಯನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಒಂದರೊಳಗೊಂದು ಕಟ್ಟಿ ನನ್ನ ಪಕ್ಕದಲ್ಲಿಟ್ಟಳು. "ಆ ಕಡೆ ಹೋಗುವವರ ಕೈಯಲ್ಲಿ ಕಳಿಸು. ನಾಲ್ಕೇ ಸಿಪ್ಪೆ ಹಾಕ್ಬೇಕು ಅಂತ ಹೇಳು. ಹೆಚ್ಚಾದ್ರೆ ಹುಡುಗ ತಿನ್ನೂದಿಲ್ಲ."