ಮೂಗಿಗಿಂತ ಮೂಗುತಿ ಭಾರ

ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಮಕ್ಕಳಿಗೆ ಹದಿನೇಳು ತುಂಬಿದ ವರ್ಷ ಮನೆಯ ಶಾಂತಿಗೆ ಸಣ್ಣದೊಂದು ಭಂಗ ಬರುವುದುಂಟು. ಆ ದೇಶದಲ್ಲಿ ಕಾರು ನಡೆಸಲು ಕಲಿಯುವ ವಯಸ್ಸು 17. ಮಗಳು ಪರೀಕ್ಷೆಯಲ್ಲಿ ತೇರ್ಗಡೆಯಾದಳೆಂದರೆ ಮುಂದಿನ ಮಾತೆಲ್ಲ ಕಾರಿನದೇ. ತಂದೆ ಜಯನಗರದಲ್ಲೋ ಮಲ್ಲೇಶ್ವರದಲ್ಲೋ ಬೆಳೆದವರು. ಮೊದಲ ಗಾಡಿ ಹಳೆಯದಾಗಿರಬೇಕು, ಅಗ್ಗವಾಗಿರಬೇಕು, ಗೀರು ಬಿದ್ದರೆ ಹೊಟ್ಟೆ ಉರಿಯಬಾರದು ಎಂಬ ಹಿರಿಯರ ಸೂತ್ರವನ್ನು ನಂಬಿದವರು. ಎರಡು ಸಾವಿರ ಪೌಂಡಿಗೆ ಹಳೆಯ ಕಾರೊಂದನ್ನು ಗೊತ್ತುಮಾಡಿ, ಮಗಳ ಹೆಸರಿನಲ್ಲಿ ವಿಮೆಯ ದರ ವಿಚಾರಿಸಿದಾಗ ಅವರ ಎದೆ ಧಸಕ್ಕೆನ್ನುತ್ತದೆ. ಒಂದು ವರ್ಷದ ವಿಮೆಯ ಹಣ ಕಾರಿನ ಬೆಲೆಯನ್ನೇ ಮೀರಿದೆ!

ಬೆಂಗಳೂರಿನ ಲೆಕ್ಕ ಅಲ್ಲಿ ನಡೆಯದು. ಭಾರತದಲ್ಲಿ ಮೂರನೆಯವರ ಹಾನಿಗೆ ಸಂಬಂಧಿಸಿದ ಕಡ್ಡಾಯ ವಿಮೆಯ ದರವನ್ನು ಸರ್ಕಾರವೇ ಗೊತ್ತುಪಡಿಸುತ್ತದೆ, ಮತ್ತು ಅದು ಎಂಜಿನ್ನಿನ ಗಾತ್ರವನ್ನು ಅವಲಂಬಿಸಿರುತ್ತದೆ. 2022ರ ಜೂನ್ 1ರಂದು ಜಾರಿಗೆ ಬಂದ ದರದಂತೆ 1000 ಸಿ.ಸಿ. ಮೀರದ ಖಾಸಗಿ ಕಾರಿಗೆ ವರ್ಷಕ್ಕೆ 2,094 ರೂಪಾಯಿ. ಚಕ್ರ ಹಿಡಿದವನು ಹದಿನೆಂಟರ ತರುಣನೋ ಎಪ್ಪತ್ತರ ತಾತನೋ ಎಂದು ಈ ದರ ಕೇಳುವುದಿಲ್ಲ. ಬ್ರಿಟನ್ನಿನಲ್ಲಾದರೋ ವಿಮೆ ಮೊದಲು ಮನುಷ್ಯನನ್ನು ನೋಡುತ್ತದೆ, ಆಮೇಲೆ ಕಾರನ್ನು. ಅವನ ವಯಸ್ಸೆಷ್ಟು, ಪರವಾನಗಿ ಬಂದು ಎಷ್ಟು ದಿನವಾಯಿತು, ಯಾವ ಬೀದಿಯಲ್ಲಿ ವಾಸ, ರಾತ್ರಿ ಗಾಡಿ ಎಲ್ಲಿ ನಿಲ್ಲುತ್ತದೆ, ಏನು ಉದ್ಯೋಗ—ಇವೆಲ್ಲವೂ ಲೆಕ್ಕಕ್ಕೆ ಬರುತ್ತವೆ. ವರನ ಕಡೆಯವರು ಸಹ ಇಷ್ಟು ಪ್ರಶ್ನೆ ಕೇಳಲಾರರು.

ವಿಮೆಯವರ ಭಯ ನಿರಾಧಾರವೇನೂ ಅಲ್ಲ. ಹದಿನೇಳರಿಂದ ಇಪ್ಪತ್ತನಾಲ್ಕರವರೆಗಿನ ಗಂಡುಹುಡುಗರು ಚಾಲಕರಾಗಿ ಸಾವಿಗೋ ತೀವ್ರ ಗಾಯಕ್ಕೋ ಈಡಾಗುವ ಸಂಭವ, ಇಪ್ಪತ್ತೈದು ದಾಟಿದವರಿಗಿಂತ ನಾಲ್ಕರಷ್ಟೆಂದು ಅಲ್ಲಿಯ ಸರ್ಕಾರದ ಅಂಕಿಗಳು ಹೇಳುತ್ತವೆ. ಹುಡುಗಿಯರ ದಾಖಲೆ ಇದಕ್ಕಿಂತ ಮೇಲು. ಆದುದರಿಂದ ಒಂದು ಕಾಲದಲ್ಲಿ ಅವರಿಗೆ ಕಡಿಮೆ ದರವಿತ್ತು; ಆದರೆ ಯೂರೋಪಿನ ನ್ಯಾಯಾಲಯ 2011ರಲ್ಲಿ ಕೊಟ್ಟ ತೀರ್ಪಿನ ಫಲವಾಗಿ 2012ರ ಡಿಸೆಂಬರ್ 21ರಿಂದ ಹೆಣ್ಣು ಗಂಡೆಂಬ ಭೇದದ ಮೇಲೆ ದರ ಕಟ್ಟುವುದು ನಿಂತುಹೋಯಿತು. ಸಮಾನತೆ ಬಂದಿತು, ಮಗಳ ವಿಮೆ ಏರಿತು.

ವಯಸ್ಸನ್ನು ಬದಲಿಸುವುದು ಯಾರ ಕೈಯಲ್ಲೂ ಇಲ್ಲ. ಕಾರನ್ನು ಆರಿಸುವುದು ಮಾತ್ರ ಕೈಯಲ್ಲಿದೆ. ಬ್ರಿಟನ್ನಿನ ಕಾರುಗಳನ್ನು ಬಹುಕಾಲದಿಂದ 1ರಿಂದ 50ರವರೆಗೆ ಗುಂಪುಗಳಾಗಿ ವಿಂಗಡಿಸಲಾಗಿದೆ. ಈ ಕೆಲಸ ನೋಡಿಕೊಳ್ಳುವುದು ಥ್ಯಾಚಮ್ ಎಂಬ ಸಂಶೋಧನಾ ಸಂಸ್ಥೆ. ಹೊಸ ಕಾರುಗಳಿಗಾಗಿ 2024ರಲ್ಲಿ ಬೇರೊಂದು ಮೌಲ್ಯಮಾಪನ ಪದ್ಧತಿಯನ್ನು ತಂದಿದ್ದರೂ, ಹೊಸ ಚಾಲಕರು ಕೊಳ್ಳುವ ಹಳೆಯ ಕಾರುಗಳ ಮೇಲೆ ಹಳೆಯ ಗುಂಪಿನ ಮುದ್ರೆಯೇ ಇದೆ. ಕಾರಿನ ಮಾರುಕಟ್ಟೆ ಬೆಲೆಯೊಂದೇ ಈ ಗುಂಪನ್ನು ನಿರ್ಧರಿಸುವುದಿಲ್ಲ. ಜಖಂ ಆದರೆ ಬಿಡಿಭಾಗಕ್ಕೆಷ್ಟು, ದುರಸ್ತಿಗೆ ಎಷ್ಟು ಗಂಟೆ, ವೇಗವೆಷ್ಟು, ಕಳ್ಳರಿಗೆ ಎಷ್ಟು ಸುಲಭ ಎಂಬುದನ್ನೆಲ್ಲ ತೂಗಿನೋಡುತ್ತಾರೆ. ತಂದೆ ಗೊತ್ತುಮಾಡಿದ ಹಳೆಯ ಕಾರು ಅಗ್ಗವೇ ಇರಬಹುದು. ಅದರ ದೊಡ್ಡ ಎಂಜಿನ್ ಅದನ್ನು ಮೇಲಿನ ಗುಂಪಿಗೆ ಎತ್ತಿ ಕೂಡಿಸಿರುತ್ತದೆ. ಗುಜರಿ ಬೆಲೆಯ ಗಾಡಿಯಾದರೂ ಎದುರಿಗೆ ಬಂದವರನ್ನು ಹೊಸ ಗಾಡಿಯಷ್ಟೇ ಬಲವಾಗಿ ಗುದ್ದಬಲ್ಲದಷ್ಟೆ!

ಹೀಗಾಗಿ ಬಲ್ಲವರು ಹುಡುಕುವುದು ಒಂದು ಲೀಟರಿನ ಪುಟ್ಟ ಕಾರುಗಳನ್ನು. ಫೋಕ್ಸ್‌ವ್ಯಾಗನ್ ಅಪ್, ಸ್ಕೋಡಾ ಸಿಟಿಗೋ, ಸಿಯಾಟ್ ಮೀ—ಮೂರು ಹೆಸರು, ದೇಹ ಹೆಚ್ಚುಕಡಮೆ ಒಂದೇ. ಮೂರೂ ಸ್ಲೊವಾಕಿಯಾದ ಬ್ರಾಟಿಸ್ಲಾವಾದಲ್ಲಿ ತಯಾರಾದವು. ಅವುಗಳಲ್ಲಿ ಅರವತ್ತು ಅಶ್ವಶಕ್ತಿಯ ಮಾದರಿಗಳು ಮೊದಲನೆಯ ಗುಂಪಿಗೇ ಸೇರಿದ್ದವು. 2011ರ ಯೂರೋ ಎನ್‌ಕ್ಯಾಪ್ ಸುರಕ್ಷತಾ ಪರೀಕ್ಷೆಯಲ್ಲಿ ಅಪ್ ಐದು ನಕ್ಷತ್ರಗಳನ್ನು ಪಡೆಯಿತು. ಇವುಗಳ ತಯಾರಿಕೆ ಈಗ ನಿಂತಿದೆ, ಹಳೆಯ ಕಾರುಗಳ ಪೇಟೆಯಲ್ಲಿ ಮಾತ್ರ ದೊರಕುತ್ತವೆ. ಒಂದು ಎಚ್ಚರಿಕೆ: ಹೆಸರು ನೋಡಿ ಮರುಳಾಗಬಾರದು. ಅದೇ ಅಪ್ ಕಾರಿನ ಜಿ.ಟಿ.ಐ. ಮಾದರಿಗೆ 115 ಅಶ್ವಶಕ್ತಿ. ಅದರ ಗುಂಪು ಎಲ್ಲಿಯೋ ಮೇಲೆ. ಕಾರಿನ ನೋಂದಣಿ ಸಂಖ್ಯೆಯನ್ನೇ ಕೊಟ್ಟು ದರ ಕೇಳುವುದು ಜಾಣತನ, ಅದೂ ಮುಂಗಡ ಕೊಡುವ ಮೊದಲು.

ಕನ್ನಡಿಗರಿಗೆ ಇಲ್ಲಿ ಇನ್ನೊಂದು ಸ್ವಾರಸ್ಯವಿದೆ. ಬ್ರಿಟನ್ನಿನ ಹಳೆಯ ಕಾರುಗಳ ಪೇಟೆಯಲ್ಲಿ ಸಿಗುವ ಮೊದಲ ತಲೆಮಾರಿನ ಹ್ಯುಂಡೈ ಐ-10 ಚೆನ್ನೈ ಬಳಿಯ ಶ್ರೀಪೆರಂಬುದೂರಿನಿಂದ ಹಡಗೇರಿ ಹೋದದ್ದು. 2009ರ ನಂತರ ಅಲ್ಲಿ ಮಾರಾಟವಾದ ಸುಜುಕಿ ಆಲ್ಟೋ ಹರಿಯಾಣದ ಮಾನೇಸರದಲ್ಲಿ ಹುಟ್ಟಿದ್ದು. ಬೆಂಗಳೂರಿನ ಬೀದಿಗಳಲ್ಲಿ ಅದರ ಹೆಸರು ಎ-ಸ್ಟಾರ್. ಊರಿನ ಗಾಡಿಯನ್ನೇ ಪರದೇಶದಲ್ಲಿ ಮಗಳಿಗೆ ಕೊಡಿಸಿದ ತಂದೆತಾಯಿಗಳೂ ಇಲ್ಲದಿಲ್ಲ.

ಪುಟ್ಟ ಕಾರನ್ನು ಆರಿಸಿದರೂ ದರ ಸಾವಿರ ಪೌಂಡಿನಿಂದ ಕೆಳಗಿಳಿಯದಿದ್ದಾಗ ತಂದೆಯ ಮನಸ್ಸಿನಲ್ಲಿ ಒಂದು ಉಪಾಯ ಮೊಳೆಯುತ್ತದೆ. ತನಗೆ ಐವತ್ತು ವರ್ಷ, ಇಪ್ಪತ್ತು ವರ್ಷಗಳ ಅನುಭವ, ಅಪಘಾತದ ಕಲೆಯಿಲ್ಲ. ಕಾರು ತನ್ನದು, ಹೆಚ್ಚಾಗಿ ನಡೆಸುವವನು ತಾನು, ಮಗಳು ಯಾವಾಗಲೋ ಒಮ್ಮೆ ಎಂದು ಬರೆದುಕೊಟ್ಟರೆ ದರ ಅರ್ಧಕ್ಕಿಳಿದರೂ ಇಳಿಯಬಹುದು. ಮಗಳೋ ದಿನವೂ ಕಾಲೇಜಿಗೆ ಅದೇ ಕಾರಿನಲ್ಲಿ ಹೋಗುವವಳು. ನಾಲ್ಕು ಜನ ಮಾಡುವುದೇ ತಾನೆ ಎಂದು ಸ್ನೇಹಿತರ ಧೈರ್ಯವೂ ಸಿಗುತ್ತದೆ.

ಇದಕ್ಕೆ ಅಲ್ಲಿಯ ಕಾನೂನಿನಲ್ಲಿ ವಂಚನೆ ಎಂದು ಹೆಸರು. ಅಪಘಾತವಾಗುವವರೆಗೆ ಯಾರೂ ಕೇಳುವುದಿಲ್ಲ. ಆದ ಮರುದಿನ ಎಲ್ಲರೂ ಕೇಳುತ್ತಾರೆ. ದಿನವೂ ಕಾಲೇಜಿನ ಅಂಗಳದಲ್ಲಿ ನಿಲ್ಲುತ್ತಿದ್ದ ಕಾರು ಯಾರದೆಂದು ಪತ್ತೆಹಚ್ಚಲು ಷೆರ್ಲಾಕ್ ಹೋಮ್ಸ್ ಬೇಕಾಗಿಲ್ಲ. ಕಂಪನಿ ಸ್ವಂತ ಕಾರಿನ ನಷ್ಟವನ್ನು ಕೊಡಲು ನಿರಾಕರಿಸಬಹುದು, ಎದುರಿನವರಿಗೆ ತಾನು ತೆತ್ತ ಹಣವನ್ನು ಕುಟುಂಬದಿಂದ ವಸೂಲು ಮಾಡಲು ಹೊರಡಬಹುದು. ಪಾಲಿಸಿ ರದ್ದಾದರೆ ಮಗಳು ವಿಮೆಯಿಲ್ಲದೆ ಕಾರು ನಡೆಸಿದ ಅಪರಾಧಕ್ಕೆ ಗುರಿಯಾಗುವ ಭಯವೂ ಉಂಟು. ಅದರ ಸ್ಥಳದಂಡ 300 ಪೌಂಡ್. ಅದರೊಂದಿಗೆ ಪರವಾನಗಿಯ ಮೇಲೆ 6 ದಂಡಾಂಕಗಳು. ಹಳೆಯ ಚಾಲಕನಾದರೆ ಆರು ಅಂಕಗಳನ್ನು ಸಹಿಸಿಕೊಂಡಾನು. ಹೊಸಬರಿಗೆ ಹಾಗಿಲ್ಲ. 1995ರ ಹೊಸ ಚಾಲಕರ ಕಾಯಿದೆಯಂತೆ, ತೇರ್ಗಡೆಯಾದ ಎರಡು ವರ್ಷಗಳೊಳಗೆ 6 ಅಂಕ ಬಿದ್ದರೆ ಪರವಾನಗಿಯೇ ರದ್ದು; ಲಿಖಿತ ಪರೀಕ್ಷೆ, ರಸ್ತೆಯ ಪರೀಕ್ಷೆ ಎರಡನ್ನೂ ಮೊದಲಿನಿಂದ ಕೊಡಬೇಕು. ಮುಂದೆ ಯಾವ ಕಂಪನಿಯ ಬಾಗಿಲಿಗೆ ಹೋದರೂ ಹಿಂದಿನ ಪಾಲಿಸಿ ರದ್ದಾಗಿತ್ತೇ ಎಂಬ ಪ್ರಶ್ನೆ ಎದುರಾಗುತ್ತದೆ. ತಂದೆ ಉಳಿಸಿದ ಹಣಕ್ಕೆ ಮಗಳು ತೆರುವ ಬಡ್ಡಿ ಇದು.

ಇದನ್ನೇ ಪ್ರಾಮಾಣಿಕವಾಗಿ ತಿರುಗಿಸಿಟ್ಟರೆ ತಪ್ಪಿಲ್ಲ. ಪಾಲಿಸಿ ಮಗಳ ಹೆಸರಿನಲ್ಲಿರಲಿ; ನಿಜವಾಗಿಯೂ ಆಗಾಗ ಆ ಕಾರನ್ನು ಬಳಸುವ ತಾಯಿಯನ್ನು ಎರಡನೆಯ ಚಾಲಕಿಯೆಂದು ಸೇರಿಸಿದರೆ ಅನೇಕ ಕಂಪನಿಗಳು ದರ ಇಳಿಸುತ್ತವೆ. ಮೂರನೆಯವರ ಹಾನಿಗೆ ಮಾತ್ರ ವಿಮೆ ಕೊಂಡರೆ ಅಗ್ಗವೆಂದು ತಿಳಿಯುವುದು ಸಹಜ, ಆದರೆ ಅಲ್ಲಿ ಎಷ್ಟೋ ಸಲ ಪೂರ್ಣ ವಿಮೆಯೇ ಕಡಿಮೆ ಬೆಲೆಗೆ ಬರುತ್ತದೆ. ಕನಿಷ್ಠ ವಿಮೆ ಕೇಳುವವರೇ ಹೆಚ್ಚು ಅಪಘಾತ ಮಾಡುವವರೆಂಬುದು ಕಂಪನಿಗಳ ಅನುಭವ. ಎರಡನ್ನೂ ವಿಚಾರಿಸಬೇಕು. ಕೊನೆಯ ದಿನದವರೆಗೆ ಕಾಯದೆ ಮೂರು ವಾರ ಮೊದಲೇ ಕೊಂಡರೆ ಸಾಮಾನ್ಯವಾಗಿ ಲಾಭ. ತಿಂಗಳ ಕಂತಿಗೆ ಒಪ್ಪಿದರೆ ಬಡ್ಡಿ ಸೇರುತ್ತದೆ. ಎಲ್ಲದರ ಮೇಲೆ ಸರ್ಕಾರದ ಶೇಕಡ 12ರ ತೆರಿಗೆ ಹೇಗೂ ಇದ್ದೇ ಇದೆ.

ಇನ್ನು ಕರಿಯ ಪೆಟ್ಟಿಗೆಯ ಮಾತು. ಕಾರಿನಲ್ಲಿ ಅಡಗಿಸಿಟ್ಟ ಈ ಯಂತ್ರ ಅಥವಾ ಅದರ ಬದಲಿಗೆ ದೂರವಾಣಿಯೇ ಚಾಲಕಿಯ ವೇಗ, ಬ್ರೇಕು, ತಿರುವು, ಹೊತ್ತುಗೊತ್ತುಗಳನ್ನೆಲ್ಲ ಕಂಪನಿಗೆ ವರದಿಮಾಡುತ್ತದೆ. ಜೊತೆಯಲ್ಲಿ ಅತ್ತೆಯನ್ನು ಕೂಡಿಸಿಕೊಂಡು ಹೋದಂತೆ ಎಂದು ಹುಡುಗಿಯರು ಗೊಣಗಬಹುದು. ಆದರೆ ಹದಿನೇಳರ ಹುಡುಗಿಯ ಬಗ್ಗೆ ಏನೂ ಗೊತ್ತಿಲ್ಲದ ಕಂಪನಿಗೆ, ಅವಳು ಜೋಪಾನಸ್ಥಳೆಂದು ಸಾಕ್ಷಿ ಹೇಳುವುದು ಆ ಪೆಟ್ಟಿಗೆಯೊಂದೇ.

ಪರೀಕ್ಷೆಯ ದಿನವೇ ನೆನಪಿಡಬೇಕಾದ ಸಂಗತಿಯೊಂದಿದೆ. ಕಲಿಯುವವರಿಗಾಗಿ ಕೊಳ್ಳುವ ವಿಮೆ ಸಾಮಾನ್ಯವಾಗಿ ತೇರ್ಗಡೆಯಾದ ಕ್ಷಣಕ್ಕೇ ಮುಗಿಯುತ್ತದೆ. ಬೆಳಿಗ್ಗೆ ಕಾರು ನಡೆಸಿಕೊಂಡು ಬಂದ ಮಗಳು, ಗೆದ್ದು ನಗುತ್ತ ಹೊರಬಂದ ಮೇಲೆ ಪಕ್ಕದ ಆಸನದಲ್ಲಿ ಕುಳಿತು ಮನೆಗೆ ಹೋಗಬೇಕಾಗುತ್ತದೆ. ಚಕ್ರ ಹಿಡಿಯುವ ಸರದಿ ಆ ಸಂಜೆಯ ಮಟ್ಟಿಗೆ ತಂದೆಯದು.