ಕ್ರಿಕೆಟ್ ಕಾಮೆಂಟರಿಯಿಂದ ಇಂಗ್ಲಿಷ್ ಪಾಠ

ಅನೇಕ ಮಕ್ಕಳಿಗೆ ಇಂಗ್ಲಿಷ್ ನುಡಿಗಟ್ಟುಗಳೆಂದರೆ ಉರು ಹೊಡೆಯುವ ಪಟ್ಟಿ. ಪರೀಕ್ಷೆ ಮುಗಿದೊಡನೆ ಮರೆತುಹೋಗುತ್ತವೆ. ಕ್ರಿಕೆಟ್‌ನ ಇಂಗ್ಲಿಷ್ ವೀಕ್ಷಕ ವಿವರಣೆ ಹಾಗಲ್ಲ. ಅಲ್ಲಿ ಮಾತಿನೊಂದಿಗೆ ದೃಶ್ಯವೂ ಇರುತ್ತದೆ.

‘ಸ್ಟಿಕ್ಕಿ ವಿಕೆಟ್’ ಎಂಬುದನ್ನೇ ನೋಡಿ. ಹಿಂದೆ ಪಿಚ್‌ಗೆ ಹೊದಿಕೆ ಇರುತ್ತಿರಲಿಲ್ಲ. ಮಳೆಗೆ ನೆನೆದ ಪಿಚ್ ಬಿಸಿಲಿಗೆ ಒಣಗತೊಡಗಿದಾಗ ಚೆಂಡು ಅಡ್ಡಾದಿಡ್ಡಿಯಾಗಿ ಪುಟಿದು ಬ್ಯಾಟ್ಸ್‌ಮನ್ ಪೇಚಿಗೆ ಸಿಲುಕುತ್ತಿದ್ದ. ಇಂದು ಹೊದಿಕೆ ಬಂದಿದ್ದರೂ ಇಕ್ಕಟ್ಟಿನ ಪರಿಸ್ಥಿತಿಗೆ ಆ ಹೆಸರು ಉಳಿದಿದೆ. ಬ್ಯಾಟ್ಸ್‌ಮನ್ ಹಿಂದೆ ಸರಿದು ವಿಕೆಟ್ ಕಾಯುವುದನ್ನು ಕಂಡ ಮಗುವಿಗೆ ‘ಆನ್ ದ ಬ್ಯಾಕ್ ಫುಟ್’ ಎಂದರೆ ರಕ್ಷಣೆಗಿಳಿದ ಸ್ಥಿತಿ ಎಂದು ಹೇಳಿಕೊಡಬೇಕಾಗಿಲ್ಲ.

ಪೋಷಕರು ಟಿ.ವಿ. ಆರಿಸುವ ಮುನ್ನ ಮಗುವಿಗೊಂದು ನೋಟ್‌ಬುಕ್ ಕೊಡಲಿ. ಪಂದ್ಯಕ್ಕೊಂದು ನುಡಿಗಟ್ಟು ಬರೆಸಿ, ಅದನ್ನು ಮನೆಯ ಸಂಗತಿಗೆ ಹೊಂದಿಸಿ ವಾಕ್ಯ ಮಾಡಿಸಲಿ. ಹಾಗೆ ಬಳಸಿದ ಮಾತು ಬಾಯಲ್ಲಿ ಉಳಿಯುತ್ತದೆ. ಇಂಗ್ಲಿಷಿನ ಅಂಜಿಕೆಯೂ ಕಳೆಯುತ್ತದೆ.